ವಾಪಸ್ ಹಾಕಿದ ಚೀಟಿ

ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸಿಗೆ ಕಾಯುತ್ತಿದ್ದ ದಾನೇಶ್ವರಿಯ ಕಿವಿಗೆ ಪಕ್ಕದ ಬೆಂಚಿನ ಜಗಳ ಬಿತ್ತು. ಅಲ್ಲಿ ಆಸ್ಪತ್ರೆಗೆ ಒಯ್ಯುವ ಗಂಜಿಯ ಡಬ್ಬಿ ಹಿಡಿದು ಕೂತಿದ್ದ ಹೆಂಗಸನ್ನು ಅವಳ ನಾದಿನಿ ತರಾಟೆಗೆ ತಗೊಂಡಿದ್ದಳು.

“ಚರ್ಚಿನ್ಯಾಗ ಹೊಸ ವರ್ಷಕ್ಕ ಎತ್ತಿದ, ಬೈಬಲ್ ವಾಕ್ಯ ಬರದ ವಾಗ್ದಾನದ ಚೀಟಿ ಯಾರಾರ ವಾಪಸ್ ಹಾಕ್ತಾರೇನು ಅತ್ತಿಗಿ?”

“ಮೂರನೇ ವರ್ಷನೂ ‘ಕಾದಿರು’ ಅಂತನ ಬಂತು! ನಿಮ್ಮಣ್ಣ ಹಾಸಿಗಿ ಹಿಡದಾಗಿಂದ ಕಾಯಾಕತ್ತೀನಿ.”

“ದೇವರ ವಾಕ್ಯ ಅಂದ್ರ ಸಂತ್ಯಾಗಿನ ಬದ್ನಿಕಾಯೇನು, ಆರಿಸಿ ತಗೊಳಾಕ? ಬ್ಯಾರೆ ಎತ್ತಿದ್ರ ಏನು ಬಂತು?”

“‘ಸಂತೋಷಪಡು’ ಅಂತ ಬಂತು. ಮೈಯೆಲ್ಲಾ ಉರದುಹೋತು.”

ಬಸ್ಸು ಬಂತು. ನಾದಿನಿ ಪರ್ಸಿನಿಂದ ಚೀಟಿಯೊಂದನ್ನು ತೆಗೆದಳು. “ತಗೋ. ನೀ ಹಾಕಿದ್ದನ್ನ ಹುಡುಕಿ ಇಟ್ಟೀನಿ.”

ಅತ್ತಿಗೆ ಸಿಡುಕುತ್ತಲೇ ಕಸಿದುಕೊಂಡಳು. “ತಾ ಇಲ್ಲೆ. ಹೋದ ವರ್ಷದ್ದನ್ನ ನಿಮ್ಮಣ್ಣ ಹಿಡದು ಹಿಡದು ಅಕ್ಷರನ ಅಳಿಸ್ಯಾನ.”

ಇಬ್ಬರೂ ಬಸ್ಸು ಹತ್ತಿದರು.