ಹಸುಬಯಲಿನ ನಿಲ್ದಾಣ

ಟಿರೋಲಿನ ಹಿಮಬೆಟ್ಟಗಳ ಸ್ಕೀ ಬಸ್ಸಿನಲ್ಲಿ ರೆಸಿ ಅಜ್ಜಿಯ ಎದುರು ಕೆಂಪು ಟೋಪಿಯ ಇಬ್ಬರು ಮುದುಕರು ಬಂದು ಕೂತರು. ಮಂಗಳವಾರ ಸ್ಕೀ ಮಾಡುವ ಹಿರಿಯರ ಗುಂಪಿನವರೆಂದು ಟೋಪಿಯೇ ಹೇಳುತ್ತಿತ್ತು. ಬಸ್ಸು ಹೊರಟ ಮೇಲೆ ಒಬ್ಬ ಮೆಲ್ಲನೆ ಬಾಯಿಬಿಟ್ಟ. ಅಜ್ಜಿ ಕಿಟಕಿಯತ್ತ ಮುಖ ಮಾಡಿ, ಕಿವಿಯನ್ನು ಇತ್ತ ಬಿಟ್ಟಳು.

“ಬೈಬೇಡ ಫ್ಲೋರಿ. ಇವತ್ತು ನಾನು ಆ ಕಡಿದಾದ ಕರಿಗೋಡೆ ಇಳಿಜಾರಿಗೆ ಬರಲ್ಲ, ಹಸುಬಯಲಲ್ಲೇ ಇಳಿದ್ಬಿಡ್ತೀನಿ.”

“ಲೋ ಕಾಸ್ಪರ್, ಅದು ಬೇಸಿಗೇಲಿ ದನ ಮೇಯೋ ಜಾಗ. ಈಗ ಮಕ್ಕಳು ಸ್ಕೀ ಕಲಿಯೋ ಜಾಗ!”

“ಹೊಸ ಮಂಡಿ ಹಾಕಿಸ್ಕೊಂಡ ಮೇಲೆ ನಾನೂ ಮಗೂನೇ. ಹೋದ ವಾರ ಕರಿಗೋಡೆ ನೆತ್ತೀಲಿ ಬೂಟು ಬಿಗಿ ಮಾಡ್ತಾ ಕೂತಿದ್ನಲ್ಲ, ಬೂಟು ಸರಿಯಾಗೇ ಇತ್ತು. ಹೆದರಿಕೆ ಕಣೋ.”

“ಅಯ್ಯೋ ಮಾರಾಯ! ಮತ್ತೆ ನಾನು ಅಷ್ಟು ಹೊತ್ತು ಕನ್ನಡಕ ಒರೆಸಿದ್ದು ಯಾಕೆ ಅಂದ್ಕೊಂಡೆ?”

“ನೀನೂನಾ? ಹಾಗಾದ್ರೆ ಪ್ರತಿ ವಾರ ನನ್ನನ್ಯಾಕೋ ಅಲ್ಲಿಗೆ ಎಳ್ಕೊಂಡು ಹೋದೆ?”

“ನೀನೇ ಹೋಗೋಣ್ವಾ ಹೋಗೋಣ್ವಾ ಅಂತ ಮೇಲಿಂದ ಮೇಲೆ ಕೇಳ್ತಿದ್ದೆ. ಆಗಲ್ಲ ಅಂದ್ರೆ ನೀನು ಬೇರೆಯವರ ಜೊತೆ ಹೋಗ್ಬಿಟ್ರೆ? ಒಬ್ಬನೇ ಸ್ಕೀ ಮಾಡೋಕೆ ನಂಗೆ ಮನಸ್ಸಿಲ್ಲಪ್ಪ.”

“ಥೂ ಪೆದ್ದ! ಆದ್ರೆ ಕರಿಗೋಡೆ ಇಳಿಯದೆ ಇರೋನು ಸಂಜೆ ಗುಂಪಿಗೆಲ್ಲ ಶ್ನಾಪ್ಸ್ ಸಾರಾಯಿ ಕುಡಿಸ್ಬೇಕಲ್ಲೋ.”

“ಕುಡಿಸೋಣ ಬಿಡು. ಆಸ್ಪತ್ರೇಲಿ ಮಲಗಿ ಸೂಪು ಕುಡಿಯೋದಕ್ಕಿಂತ ವಾಸಿ.”

ಹಸುಬಯಲು ಬಂತು. ಇಬ್ಬರೂ ನಗುತ್ತಾ ಸ್ಕೀ ಹೊತ್ತು ಇಳಿದರು. ಆಗ ಹಿಂದಿನ ಸೀಟಿನಿಂದ ಇನ್ನೂ ಮೂರು ಕೆಂಪು ಟೋಪಿಗಳು ಎದ್ದವು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸ್ಕೀ ಎತ್ತಿಕೊಂಡು ಬಾಗಿಲ ಕಡೆಗೆ ನಡೆದರು. ಬಾಗಿಲು ಮುಚ್ಚುವ ಮುನ್ನ ಕೆಳಗಿನಿಂದ ಕಾಸ್ಪರನ ದನಿ ಕೇಳಿಸಿತು:

“ಬನ್ರೋ, ಬನ್ರೋ! ಇಲ್ಲಿ ಎಲ್ರಿಗೂ ಆಗೋಷ್ಟು ಅಗಲ ಇದೆ.”