ನಡುಹೊಳೆಯಲ್ಲಿ ಕೇಳುವವನು

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡುವ ಲಕ್ಷಣ ಕಾಣಲಿಲ್ಲ. ಕಡವಿನ ತಗಡಿನ ಚಾವಣಿಯ ಕೆಳಗೆ, ಆಚೆ ದಡಕ್ಕೆ ಹೋಗಬೇಕಾದ ಐದಾರು ಜನ ಮುದುಡಿ ಕೂತಿದ್ದರು. ದೋಣಿಯ ಡ್ರೈವರ್ ಎಂಜಿನ್ನಿನ ಹೊದಿಕೆ ಬಿಚ್ಚಿಟ್ಟುಕೊಂಡು ಅದಕ್ಕೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಈ ಕಡವಿಗೆ ಅವನು ಹೊಸಬ. ಬೆಳಗಿನಿಂದ ಎಂಜಿನ್ ನಡುಹೊಳೆಗೆ ಬಂದಾಗಲೆಲ್ಲ ಕೆಮ್ಮಿ ನಿಲ್ಲುತ್ತಿತ್ತು; ಜನರ ಬೈಗುಳ ಕೇಳುತ್ತ ಹುಟ್ಟು ಹಾಕಿಯೇ ಅವನು ದಡ ಸೇರಬೇಕಾಗಿತ್ತು. ಫಿಲ್ಟರ್ ತೊಳೆದ, ಹಳೆ ಪೆಟ್ರೋಲ್ ತೆಗೆದು ಹೊಸದು ತುಂಬಿದ, ಪೈಪಿಗೆ ಬಾಯಿಟ್ಟು ಊದಿದ. ಏನು ಮಾಡಿದರೂ ಅಷ್ಟೇ.

"ಎಂಜಿನ್ ನಿಲ್ಸೋ ದೆವ್ವ ಒಂದಿದೆಯಂತಲ್ಲ ಇಲ್ಲಿ, ಅದರದ್ದೇ ಕಿತಾಪತಿ ಇದು," ಎಂದ ಕೊನೆಗೆ, ಸೋತವನಂತೆ.

ಟಿಕೆಟ್ ಕಿಟಕಿಯ ಹಿಂದಿದ್ದ ಮುದುಕಿ ಕನ್ನಡಕ ತೆಗೆದು ಅವನನ್ನು ದುರುಗುಟ್ಟಿ ನೋಡಿದರು. ಕಡವಿನವರಿಗೆಲ್ಲ ಅವರು ದೊಡ್ಡಮ್ಮ.

"ಏನಂದೆ? ಬಾ ಇಲ್ಲಿ. ಎಲ್ರೂ ಹತ್ರ ಬನ್ನಿ. ಮಳೆ ಹೇಗೂ ಬಿಡಲ್ಲ, ಇವತ್ತು ನಾನೂ ಬಿಡಲ್ಲ.

"ದೆವ್ವ ಅಂತೀರಲ್ಲ... ಅವನು ನನ್ನ ತಮ್ಮ. ಇದೇ ಕಡವಲ್ಲಿ ದೋಣಿ ಓಡಿಸ್ತಿದ್ದ. ಆಗಿನ ಮಾಲೀಕ ಇದ್ನಲ್ಲ, ಕೋಣನ ಹಟದವನು. ಒಂದ್ಸಲ ಮಳೇಲಿ ಟ್ಯಾಂಕಿನ ಮುಚ್ಚಳದಿಂದ ನೀರಿಳಿದು ಪೆಟ್ರೋಲ್ ಕೆಟ್ಟೋಯ್ತು. ಅಷ್ಟಕ್ಕೇ ಮಹಾಶಯ ಏನು ಮಾಡ್ದ ಗೊತ್ತಾ? ಗಾಳಿ ಒಳಗೆ ಹೋಗ್ಲಿ ಅಂತ ಮುಚ್ಚಳದ ಮೇಲೆ ಪುಟ್ಟ ತಿರುಪು ಇರತ್ತಲ್ಲ, ಅದನ್ನ ಬಿಗಿದು, ಮೇಲೊಂದು ರಬ್ಬರ್ ತುಂಡಿಟ್ಟು ಅಂಟು ಬಳಿದ! ಅಲ್ಲಾ, ಪೆಟ್ರೋಲ್ ಹೊರಗೆ ಹೋದ ಹಾಗೆ ಗಾಳಿ ಒಳಗೆ ಬರ್ಬೇಡ್ವಾ? ದಡದಲ್ಲಿ ಎಂಜಿನ್ ಚೆನ್ನಾಗೇ ಶುರುವಾಗತ್ತೆ, ನಡುಹೊಳೆಗೆ ಹೋಗೋ ಹೊತ್ತಿಗೆ ಟ್ಯಾಂಕಿಗೆ ಉಸಿರು ಕಟ್ಟತ್ತೆ, ಪೈಪಿನ ನಡುವೆ ಪೆಟ್ರೋಲ್ ಏರಿಸೋಕೆ ಕೈಯಲ್ಲಿ ಹಿಂಡೋ ರಬ್ಬರ್ ಉಂಡೆ ಚಪ್ಪಟೆಯಾಗತ್ತೆ... ಅಲ್ಲಿಗೆ ಮುಗೀತು. ನನ್ನ ತಮ್ಮ ಕೈಮುಗಿದು ಹೇಳ್ದ, ಕೇಳ್ಲಿಲ್ಲ. ಅಂಟು ಕಿತ್ತು ಹಾಕ್ದ, ಮಾಲೀಕ ಮತ್ತೆ ಬಳಿದ. 'ನಂಗೇ ಪಾಠ ಹೇಳ್ತೀಯೇನೋ?' ಅಂದ.

"ಹೊಳೆ ಕೆಂಪಗೆ ಉಕ್ತಿದ್ದ ದಿನ ಮಾಲೀಕ ಬಲವಂತ ಮಾಡಿ ದೋಣಿ ಬಿಡಿಸ್ದ. ನಡುವಲ್ಲಿ ನಿಂತೇಹೋಯ್ತು. ಮೀನಿನ ದೋಣಿಯವರು ಬಂದು ಜನಾನೆಲ್ಲ ಹತ್ತಿಸ್ಕೊಂಡ್ರು. ನನ್ನ ತಮ್ಮ ಮಾತ್ರ, ದೋಣಿ ಬಿಟ್ಟು ಹೋಗ್ಬಾರ್ದು ಅಂತ, ಆ ಅಂಟನ್ನ ಉಗುರಲ್ಲಿ ಕೆರೀತಾನೇ ಇದ್ನಂತೆ... ದೋಣಿ ಹಳೆ ಸೇತುವೆ ಕಂಬಕ್ಕೆ ಬಡೀತು. ಅವನು ಸಿಗ್ಲೇ ಇಲ್ಲ. ಟ್ಯಾಂಕು ತೇಲ್ಕೊಂಡು ದಡಕ್ಕೆ ಬಂತು. ತುಂಬಿತ್ತು ಕಣ್ರೋ! ಮಾಲೀಕ ಅದನ್ನ ಬಗ್ಗಿಸಿ ಮರಳಿಗೆ ಸುರಿದ, ನನ್ನ ಕಣ್ಣೆದುರೇ! ಆಮೇಲೆ ಬಂದೋರಿಗೆಲ್ಲ ತೋರಿಸ್ದ, 'ನೋಡಿ, ಪೆಟ್ರೋಲ್ ಹಾಕ್ಕೊಳ್ದೇ ಹೊರಟಿದಾನೆ, ಬೇಜವಾಬ್ದಾರಿ ನನ್ಮಗ' ಅಂತ. ನಾನು ಬಾಯಿ ಬಾಯಿ ಬಡ್ಕೊಂಡೆ, ಕೇಳೋರು ಯಾರು? ದುಃಖಕ್ಕೆ ತಲೆ ಕೆಟ್ಟಿದೆ ಅಂದ್ರು. ಹೊಟ್ಟೆ ಉರಿಯಲ್ವಾ? ಜೀವ ತೆಗೆದಿದ್ದು ಸಾಲದು ಅಂತ ಹೆಸರಿಗೂ ಮಸಿ ಬಳಿದ್ರು!"

ಡ್ರೈವರ್ ಕೈಯಲ್ಲಿದ್ದ ಸ್ಪ್ಯಾನರ್ ಮೆಲ್ಲಗೆ ಕೆಳಗಿಟ್ಟ. "ಆಮೇಲೆ, ದೊಡ್ಡಮ್ಮ?"

"ಆಮೇಲೇನು? ಎಂಜಿನ್ ನಿಂತಾಗೆಲ್ಲ ಅವನ ತಲೆಗೆ ಕಟ್ಟೋಕೆ ಶುರು ಮಾಡಿದ್ರು. ನೀರು ಬೆರೆತ ಪೆಟ್ರೋಲ್ ಹಾಕೋರು ನೀವು, ಫಿಲ್ಟರ್ ಕಸ ತೆಗೀದೇ ಇರೋರು ನೀವು, ಕೆಟ್ಟ ಹೆಸರು ಅವನಿಗೆ! ನಿಲ್ಸೋನು ಅವನಲ್ರೋ... ನಿಂತಿದ್ದನ್ನ ಓಡ್ಸೋನು ಅವನು. ಎಂಜಿನ್ ನಿಂತ ಮೇಲೆ ಸುಮ್ನೆ ನೋಡ್ತಾ ಕೂತ್ಕೊಳ್ಳಿ. ಯಾರೂ ಮುಟ್ಟದೇ ಆ ರಬ್ಬರ್ ಉಂಡೆ ಒಳಗೆ ಹೋಗತ್ತೆ, ಹೊರಗೆ ಬರತ್ತೆ... ಟ್ಯಾಂಕಿನ ಹತ್ರ ಸುಯ್ ಅಂತ ಗಾಳಿ... ಆಮೇಲೆ ಡ್ರೈವರ್ ಕಿವೀಲಿ ಒಂದೇ ಮಾತು. 'ಅವತ್ತು ಟ್ಯಾಂಕಲ್ಲಿ ಪೆಟ್ರೋಲ್ ಇತ್ತು ಅಲ್ವಾ?' ಇತ್ತಪ್ಪಾ, ತುಂಬಿತ್ತು ಅಂದ್ರೆ ಸಾಕು. ಹಗ್ಗ ಎಳೆದ ಒಂದೇ ಏಟಿಗೆ ಶುರುವಾಗತ್ತೆ.

"ಮಾಲೀಕನೂ ಒಂದಿನ ಒಬ್ನೇ ದೋಣಿ ತಗೊಂಡು ಹೋದ. ಅವನನ್ನೂ ಕೇಳಿರ್ಬೇಕು. ಏನು ಹೇಳಿದ್ನೋ, ಯಾರಿಗೆ ಗೊತ್ತು... ದೋಣಿ ತಾನಾಗೇ ದಡಕ್ಕೆ ಬಂತು. ಎಂಜಿನ್ ಹಾಯಾಗಿ ಓಡ್ತಿತ್ತು. ಒಳಗೆ ಯಾರೂ ಇರ್ಲಿಲ್ಲ."

ಡ್ರೈವರ್ ಕಿಟಕಿಗೆ ಇನ್ನಷ್ಟು ಹತ್ತಿರ ಸರಿದ.

"ದೊಡ್ಡಮ್ಮ... ಬೆಳಗ್ಗೆ ನಂಗೂ ಕಿವಿ ಹತ್ರ ಯಾರೋ ಏನೋ ಅಂದ ಹಾಗಾಯ್ತು. ಗಾಳಿ ಇರ್ಬೇಕು ಅಂದ್ಕೊಂಡೆ."

"ಪ್ರತಿ ಸಲಾನೂ?"

"ಹೂಂ."

"ನೀನೇನಂದೆ?"

"ಏನೂ ಅನ್ಲಿಲ್ಲ."

ದೊಡ್ಡಮ್ಮ ಕನ್ನಡಕ ಮತ್ತೆ ಹಾಕಿಕೊಂಡರು. ಸಿಟ್ಟೆಲ್ಲ ಇಳಿದು ದನಿ ತಣ್ಣಗಾಗಿತ್ತು.

"ಈ ಸಲ ಹೇಳ್ಬಿಡು ಮಗಾ. ನನ್ನ ತಮ್ಮ ತಾಳ್ಮೆಯವನೇ... ಆದ್ರೆ ಪಾಪ, ಅವನಾದ್ರೂ ಎಷ್ಟು ಸಲ ಅಂತ ಕೇಳ್ತಾನೆ?"