ಬೂದುಬಣ್ಣದ ರಾಕ್ಷಸಿಗೊಂದು ಹೆಸರು

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಅಧ್ಯಕ್ಷೆ ಶಿವಲಿಂಗವ್ವನವರೇ, ನಮ್ಮ ಮಂಡಳಕ್ಕೆ ಕಂಪ್ಯೂಟರ್ ಕೊಟ್ಟ ಉದ್ಯಮಬಾಗದ ಕಾರ್ಖಾನೆಯ ದುಂಡಪ್ಪನವರೇ, ಖಾನಾಪುರದ ಮಹಿಳಾ ಮಂಡಳದ ಅಕ್ಕತಂಗಿಯರೇ, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಈಗಷ್ಟೇ ಪರಿಚಯ ಮಾಡಿದವರು, ‘ಪ್ರಮಿಳಾ ಮೇಡಂ ಅವರು ಅಂತರರಾಷ್ಟ್ರೀಯ ಮಟ್ಟದ ಕೆಲಸ ಮಾಡುತ್ತಾರೆ’ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ, ಯಾರ ಬಗ್ಗೆ ಹೇಳುತ್ತಿದ್ದಾರೆಂದು ಆಮೇಲೆ ತಿಳಿಯಿತು! ನಿಜ ಹೇಳಿಬಿಡುತ್ತೇನೆ. ಹಗಲು ನಿಮ್ಮೂರಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಸಂಜೆ ಸದಾಶಿವನಗರದ ನನ್ನ ಮನೆಯಲ್ಲಿ ಕುಳಿತು ವಿಡಿಯೋ ಗೇಮಿನ ರಾಕ್ಷಸರನ್ನು ಜಾತಿವಾರು ವಿಂಗಡಿಸುತ್ತೇನೆ. ಇಂದು ಈ ವೇದಿಕೆಯಿಂದ ಇಳಿಯುವ ಮೊದಲು ಒಬ್ಬ ರಾಕ್ಷಸಿಗೆ ಹೆಸರಿಡಬೇಕಾಗಿದೆ. ಇಡದಿದ್ದರೆ ಸಂಜೆಯೊಳಗೆ ಅವಳ ಪುಟವನ್ನೇ ಅಳಿಸಿಬಿಡುತ್ತಾರೆ.

ನಗಬೇಡಿ. ಸರಿ, ನಗಿ.

ಇದು ಶುರುವಾದದ್ದು ನನ್ನ ತಮ್ಮನ ಮಗಳು ಸಾಕ್ಷಿಯಿಂದ. ಅಗೋ, ಕಂಪ್ಯೂಟರಿನ ಮುಂದೆ ಕುಳಿತಿದ್ದಾಳೆ. ಅವಳು ಆಡುವ ಆಟದಲ್ಲಿ ಕೋಟೆಯ ಕೆಳಗಿನ ಸುರಂಗದಲ್ಲಿ ದೀಪ ಹಿಡಿದು ನಡೆಯಬೇಕು. ಎಮ್ಮೆಯಷ್ಟು ದೊಡ್ಡ, ಕೋಡಿರುವ ಬಸವನಹುಳುಗಳು ಅಡ್ಡ ಬರುತ್ತವೆ. ಕೆಂಪು ಹುಳು ನುಗ್ಗುತ್ತದೆ. ಹಸಿರು ಹುಳು ಉಗುಳುತ್ತದೆ. ಕೊನೆಗೆ ಬಾವಿಯ ಹತ್ತಿರ ಒಂದು ಬೂದುಬಣ್ಣದ್ದು. ಅದೇನು ಮಾಡುತ್ತದೆ ಎಂದು ಕೇಳಿದೆ. “ಏನೂ ಇಲ್ಲ ಅತ್ತೀ, ಕೆಂಪ ಹುಳಾನ ಅದು. ಬಣ್ಣಾ ಅಷ್ಟ ಬ್ಯಾರೆ” ಎಂದಳು.

ಬಣ್ಣ ಅಷ್ಟೇ ಬೇರೆ! ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ, ಬಾಯಿ ಸುಡುವ ಸಂಕೇಶ್ವರ ಮೆಣಸಿನಕಾಯಿಯ ಬಗ್ಗೆ ಯಾರಾದರೂ ಹಾಗೆಂದರೆ ನೀವು ಬಿಡುತ್ತೀರಾ? ಎರಡನ್ನೂ ಒಂದೇ ಡಬ್ಬಿಗೆ ಹಾಕುತ್ತೀರಾ? ಹಾಕಿದ ಸೊಸೆಯನ್ನು ಸುಮ್ಮನೆ ಬಿಡುತ್ತೀರಾ?

ಈ ಆಟದ ಅಭಿಮಾನಿಗಳಿಗೆ ಒಂದು ವಿಕಿ ಇದೆ. ವಿಕಿ ಎಂದರೆ ಅಂಗಳದ ರಂಗೋಲಿಯ ಹಾಗೆ: ಯಾರು ಬೇಕಾದರೂ ಎಳೆ ಸೇರಿಸಬಹುದು, ಯಾರು ಬೇಕಾದರೂ ಅಳಿಸಬಹುದು. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಬಣ್ಣ ಮಾತ್ರ ಬೇರೆಯಾದರೆ ಮೂಲ ರಾಕ್ಷಸನ ಪುಟದ ಕೆಳಗೆ ಒಂದು ಸಾಲು ಸಿಗುತ್ತದೆ. ನಡತೆಯೇ ಬೇರೆಯಾದರೆ ಸ್ವಂತ ಪುಟ, ಸ್ವಂತ ಹೆಸರು. ನಾನು ಒಂದು ದಿನ ಬಾವಿಯ ಮುಂದೆ ಆಟ ಹಾಗೆಯೇ ಬಿಟ್ಟು, ಉಕ್ಕುತ್ತಿದ್ದ ಹಾಲು ಇಳಿಸಲು ಓಡಿದೆ. ಬಂದು ನೋಡಿದರೆ ಆಟದಲ್ಲಿ ನಾನಿನ್ನೂ ಸತ್ತಿರಲಿಲ್ಲ! ಬೂದುಬಣ್ಣದವಳು ಗೋಡೆಗೆ ಸರಿದು ನಿಂತಿದ್ದಳು. ಪುಟ ಬರೆದೆ. ಫಿನ್‌ಲ್ಯಾಂಡಿನ ಮಹಾಶಯರೊಬ್ಬರು, ‘ಇದು ಒಗೆದು ಬಣ್ಣ ಹೋದ ಕೆಂಪು ಹುಳು, ಅಷ್ಟೇ. ಬೇರೆ ಯಾರೂ ಕಂಡಿಲ್ಲ’ ಎಂದು ಅಳಿಸಿದರು. ಮತ್ತೆ ಬರೆದೆ. ಮತ್ತೆ ಅಳಿಸಿದರು.

ಇಷ್ಟು ಹಟ ಏಕೆ ಎಂದು ಸಾಕ್ಷಿಯೂ ಕೇಳಿದಳು. ಏಕೆ ಎಂದರೆ... ಹೆಸರಿಡುವುದು ಸಣ್ಣ ಮಾತೇ? ಇವಳದೇ ತೊಟ್ಟಿಲ ಕಾರ್ಯ ಕಾಕತಿಯ ನನ್ನ ತವರಿನಲ್ಲಿ ನಡೆಯಿತು. ಹೆಸರಿಡುವ ಹಕ್ಕು ಸೋದರತ್ತೆಯದು. ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು, ಸುತ್ತಲಿನ ಹೆಂಗಸರು ಆ ಅತ್ತೆಯ ಬೆನ್ನಿಗೆ ಗುದ್ದಬೇಕು. ಆ ವರ್ಷವೇ ನಮ್ಮ ಯಜಮಾನರು ತೀರಿಕೊಂಡಿದ್ದರು. “ನೀ ಒಳಗ ಗುಗ್ಗರಿ ನೋಡ್ಹೋಗವ್ವಾ” ಎಂದಳು ಅವ್ವ. ನೋಡಿದೆ. ಗುಗ್ಗರಿ ಚೆನ್ನಾಗಿ ಬೆಂದಿದ್ದವು. ದಿನವೂ ವಚನ ಹೇಳುವ ಮನೆ ನಮ್ಮದು. ಹೊರಗೆ ಯಾರದೋ ಬೆನ್ನಿಗೆ ಗುದ್ದು ಬೀಳುವ ಸದ್ದು, ನಗು, ಎಲ್ಲ ಕೇಳಿಸಿತು.

ಇರಲಿ. ನಾನು ಹೇಳಹೊರಟದ್ದು ವಿಂಗಡಣೆಯ ಬಗ್ಗೆ.

ನನಗೆ ಬೇಕಿದ್ದದ್ದು ಕಣ್ಣಾರೆ ಕಂಡ ಸಾಕ್ಷಿದಾರರು. ಆದರೆ ಲೋಕದ ಆಟಗಾರರಿಗೆಲ್ಲ ಕೈ ಸುಮ್ಮನಿರುವುದಿಲ್ಲ. ಕಂಡೊಡನೆ ಹೊಡೆಯುತ್ತಾರೆ. ಹೊಡೆದರೆ ಬೂದುಬಣ್ಣದವಳೂ ನುಗ್ಗುತ್ತಾಳೆ. ಸುಮ್ಮನೆ ನಿಲ್ಲುವವರನ್ನು ಎಲ್ಲಿಂದ ತರಲಿ?

ಹೋದ ವಾರ ಇಲ್ಲಿ ಈ ಕಂಪ್ಯೂಟರ್ ಜೋಡಿಸಿದ ಮೇಲೆ ಸಾಕ್ಷಿ ಅದೇ ಆಟ ಹಾಕಿ ನಮ್ಮ ಮಂಡಳದ ಹಿರಿಯರಾದ ಭೀಮಕ್ಕನನ್ನು ಕೂರಿಸಿದಳು. ಬೂದುಬಣ್ಣದವಳು ಬಂದಳು.

“ಯಾವದ್ ಒತ್ತಲೇ ಯವ್ವಾ?”

“ಏನರ ಒತ್ತ ಆಯೀ, ಬಂತ್ ನೋಡ, ಬಂತ!”

“ಇಷ್ಟೊಂದ್ ಗುಂಡಿ ಅದಾವಲ್ಲೇ, ಒಡದ್ರ ದುಂಡಪ್ಪ ಬೈತಾನ!” ಎಂದವರೇ ಭೀಮಕ್ಕ ಎರಡೂ ಕೈ ಎತ್ತಿ ಸೆರಗಿನೊಳಗೆ ಇಟ್ಟುಕೊಂಡರು. “ಬಾ ತಾಯಿ, ಏನ್ ಮಾಡ್ತಿ ಮಾಡು.”

ಆಕೆ ಏನೂ ಮಾಡಲಿಲ್ಲ. ಕೋಡು ತಗ್ಗಿಸಿ ಗೋಡೆಗೆ ಸರಿದಳು. “ಹಾದಿ ಕೊಟ್ಳ ನೋಡ್ರಿ, ಭಾಳ ಶ್ಯಾಣ್ಯಾಕಿ!” ಎಂದರು ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸಾತವ್ವ. ತಾವೂ ಕುಳಿತರು, ತಾವೂ ಗುಂಡಿಗೆ ಹೆದರಿದರು, ಅವರಿಗೂ ಹಾದಿ ಸಿಕ್ಕಿತು. ಆಮೇಲೆ ಇಡೀ ಮಂಡಳ ಸರದಿಯಲ್ಲಿ ನಿಂತಿತು! ಸಾಕ್ಷಿ ಪರದೆಯ ಚಿತ್ರಗಳನ್ನು ಕಳಿಸಿದಳು. ಫಿನ್‌ಲ್ಯಾಂಡಿನ ಮಹಾಶಯರು ತಾವೂ ಕೈ ಕಟ್ಟಿ ಕೂತು ನೋಡಿ, ‘ಇಷ್ಟು ವರ್ಷ ಆಡಿದೆ, ಒಮ್ಮೆಯೂ ನಿಂತಿರಲಿಲ್ಲ’ ಎಂದು ಬರೆದರು. ಪುಟ ಉಳಿಯಿತು. ಆದರೆ ಹೆಸರಿಲ್ಲದ ಪುಟ ಇಂದಿನ ಸಂಜೆಯವರೆಗೆ ಮಾತ್ರ.

ಬೆಳಿಗ್ಗೆ ನಾನು, ‘ಮಂಗಳ ಕಾರ್ಯ, ಅಧ್ಯಕ್ಷರು ಹೆಸರಿಡಲಿ’ ಎಂದೆ. ಭೀಮಕ್ಕ ಕಾರಣ ಕೇಳಿದರು. ನಾನು ಕಾರಣ ಹೇಳಿದೆ. ಅವರು ಎಲೆ ಅಡಿಕೆ ಜಗಿಯುವುದನ್ನೇ ನಿಲ್ಲಿಸಿದರು.

“ಬಾಯರಽ, ನೀವ್ ಮುತ್ತೈದಿನೋ ಅಲ್ಲೋ ಅಂತ ಆಕಿ ಕೇಳಿದ್ಳೇನ್ರಿ? ಆಕಿ ನಿಮಗ ಹಾದಿ ಕೊಟ್ಳು. ನೀವ್ ಆಕಿಗೆ ಹೆಸರ ಕೊಡ್ರಿ. ಗುದ್ದಾಕ ನಾವದೀವಿ.”

ಸಭಿಕರೇ, ಎಂ.ಎ. ಮಾಡಿದವಳು ನಾನು, ಪದ್ಯ ಓದುವವಳು. ಆದರೂ ಹೆಸರನ್ನು ಭೀಮಕ್ಕನ ಮಾತಿನಿಂದಲೇ ಆಯ್ದು ಚೀಟಿಯಲ್ಲಿ ಬರೆದುಕೊಂಡೆ.

ಆದ್ದರಿಂದ ಭಾಷಣ ಇಲ್ಲಿಗೆ ಮುಗಿಸುತ್ತೇನೆ. ಕಂಪ್ಯೂಟರ್ ಕೊಟ್ಟ ದುಂಡಪ್ಪನವರಿಗೆ, ಗಡಿಯಾರ ನೋಡುವುದನ್ನು ಬಿಟ್ಟ ಅಧ್ಯಕ್ಷರಿಗೆ, ಕೇಳಿದ ನಿಮಗೆಲ್ಲ ಈಗಲೇ ವಂದನೆ ಹೇಳಿಬಿಡುತ್ತೇನೆ. ಆಮೇಲೆ ಹೇಳುವ ಸ್ಥಿತಿಯಲ್ಲಿ ಇರುತ್ತೇನೋ ಇಲ್ಲವೋ. ಸಾಕ್ಷಿ, ಬೆರಳು ತಯಾರಿರಲಿ. ಈ ಹುಳುವಿಗೆ ಕಿವಿ ಎಲ್ಲಿದೆಯೋ ತಿಳಿಯದು, ಮೈಕಿನಲ್ಲೇ ಹೇಳುತ್ತೇನೆ. ಭೀಮಕ್ಕಾ, ಸಾತವ್ವಾ, ಮ್ಯಾಲ ಬರ್ರಿ. ಶಿವಲಿಂಗವ್ವಾರ, ನೀವೂ ಏಳ್ರಿ.

ಕುರ್ರ್... ಹಾದಿಕೊಟ್ಟವ್ವ!

ಅಯ್ಯಯ್ಯೋ! ಸಾಕ್ರಿ... ಅಲ್ಲ, ಸಾಕಾಗಿಲ್ಲ, ಇನ್ನೊಂದ ಹಾಕ್ರಿ! ಬರಿ ಸಾಕ್ಷಿ, ಅಳಬ್ಯಾಡ, ಅಕ್ಷರ ತಪ್ಪತೈತಿ. ಎಲ್ಲರಿಗೂ ನಮಸ್ಕಾರ.